ಅಮ್ಮನ ಸೀರೆಯೊಳಗಿದ್ದ ವೀರ

ಮಾವಳ್ಳಿಯ ನಮ್ಮ ಬೀದಿಯ ಕೊನೆಯಲ್ಲಿರುವ ಪುಟ್ಟ ಗುಡಿಯ ಮುಂದೆ ಹಾದುಹೋಗುವಾಗ ನಾನೀಗ ಚಪ್ಪಲಿ ಬಿಡುವುದಿಲ್ಲ, ಕೈಯನ್ನೂ ಮುಗಿಯುವುದಿಲ್ಲ. ವಯಸ್ಸಾದ ಮೇಲೆ ನಾಸ್ತಿಕಳಾದೆ ಎಂದು ಪಕ್ಕದ ಮನೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನನ್ನ ಸಿಟ್ಟು ದೇವರ ಮೇಲಲ್ಲ.

ಆ ಗುಡಿಗೆ ಅಂಟಿದ ಅರಳಿಕಟ್ಟೆಯಲ್ಲಿ ಎದೆಮಟ್ಟದ ಒಂದು ಕಲ್ಲು ನಿಂತಿತ್ತು. ಎಲ್ಲರೂ ಅದನ್ನು ಅಮ್ಮ ಎನ್ನುತ್ತಿದ್ದರು. ಅರಿಶಿನ, ಕುಂಕುಮ, ಎಣ್ಣೆಯ ಜಿಡ್ಡು ಬೆರಳು ದಪ್ಪ ಮೆತ್ತಿಕೊಂಡಿತ್ತು. ಅದರ ಮೇಲೆ ಬೆಳ್ಳಿ ಕಣ್ಣು, ಸೀರೆ, ನಿಂಬೆಹಣ್ಣಿನ ಹಾರ. ಮದುವೆಯಾಗಿ ಈ ಬೀದಿಗೆ ಬಂದಾಗ ನಮ್ಮತ್ತೆ ಮೊದಲು ಕರೆದುಕೊಂಡು ಹೋಗಿ ನನ್ನ ಕೈಯಿಂದ ಮಡಿಲು ತುಂಬಿಸಿದ್ದು ಈ ಅಮ್ಮನಿಗೇ.

ಕಳೆದ ವರ್ಷ ಗುಡಿಯ ಸಮಿತಿಯವರು ಜೀರ್ಣೋದ್ಧಾರಕ್ಕೆ ಕೈಹಾಕಿದರು. ಒಂದು ಗುರುವಾರ ಬೆಳಿಗ್ಗೆ ಗಾಂಧಿ ಬಜಾರಿನಿಂದ ಹೂವು ತೆಗೆದುಕೊಂಡು ಬರುತ್ತಿದ್ದೆ. ಅರ್ಚಕರು ಅಮ್ಮನ ಸೀರೆ ಬಿಚ್ಚಿಟ್ಟು, ಸೀಗೆಪುಡಿ ಹಾಕಿ ಕಲ್ಲನ್ನು ತಿಕ್ಕುತ್ತಿದ್ದರು. ಜಿಡ್ಡು ಬಿಟ್ಟ ಕಡೆ ಒಂದು ಕಾಲು ಕಂಡಿತು. ಆಮೇಲೆ ಕತ್ತಿ ಹಿಡಿದ ಕೈ, ಹಿಂದೆ ದನಗಳ ಸಾಲು. ಮೇಲ್ಗಡೆ ಇಬ್ಬರು ಅಪ್ಸರೆಯರು ಆ ಕತ್ತಿಯವನ ತೋಳು ಹಿಡಿದು ಸ್ವರ್ಗಕ್ಕೆ ಕರೆದೊಯ್ಯುತ್ತಿದ್ದರು. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತಳಾದವಳು ನಾನು. ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ಬೀದಿಯ ಹೆಂಗಸರೆಲ್ಲ ಸೇರಿ ಇಷ್ಟು ಕಾಲ ಒಬ್ಬ ಗಂಡಸಿಗೆ ಮಡಿಲು ತುಂಬಿದ್ದೆವು! ನಗು ಬಂತು, ಕಣ್ಣೂ ತುಂಬಿತು.

ಚಿತ್ರಗಳ ನಡುವೆ ಹಳಗನ್ನಡದ ಅಕ್ಷರಗಳಿದ್ದವು. ಹೂವಿನ ಪೊಟ್ಟಣ ಕೆಳಗಿಟ್ಟು, ಬೆರಳಾಡಿಸಿ ಓದಿದೆ. ಕಳ್ಳರು ಹೊಡೆದುಕೊಂಡು ಹೋದ ಊರ ದನಗಳನ್ನು ಬಿಡಿಸಿ ತಂದು ಸತ್ತ ಎನ್ನುವಷ್ಟು ತಿಳಿಯಿತು. ಯಾರು ಸತ್ತ ಎನ್ನುವ ಸಾಲು ಮಾತ್ರ ಕಟ್ಟೆಯ ಸಿಮೆಂಟಿನೊಳಗೆ ಹೂತುಹೋಗಿತ್ತು.

"ಸ್ವಾಮಿ, ಇದು ವೀರಗಲ್ಲು. ತುಂಬಾ ಹಳೇದು. ದಯವಿಟ್ಟು ಹೀಗೆ ಉಜ್ಜಬೇಡಿ" ಎಂದೆ.

ಶಾಸನ ಓದಬಲ್ಲ ಪರಿಚಯದವರೊಬ್ಬರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಭಾನುವಾರ ಬರುತ್ತೇನೆ, ಸಿಮೆಂಟು ಬಿಡಿಸಿ ಕಾಗದದ ಮೇಲೆ ಅಚ್ಚು ತೆಗೆದರೆ ಹೆಸರು ಸಿಕ್ಕೇ ಸಿಗುತ್ತದೆ ಎಂದರು. ನನಗೆ ಆ ಹೆಸರು ಬೇಕಿತ್ತು. ರಾಜರ ಹೆಸರು ಬಾಯಿಪಾಠ ಮಾಡಿಸಿ ಮಾಡಿಸಿ ಸಾಕಾಗಿತ್ತು. ನಮ್ಮದೇ ಬೀದಿಯ ದನ ಕಾಯ್ದವನೊಬ್ಬನ ಹೆಸರನ್ನು ಒಂದು ಸಲ ಬಾಯಿತುಂಬ ಹೇಳಬೇಕಿತ್ತು.

ಸಮಿತಿಯ ಅಧ್ಯಕ್ಷ ನನ್ನ ಹಳೆಯ ವಿದ್ಯಾರ್ಥಿ. ಈಗ ಸೈಟು ವ್ಯಾಪಾರ ಮಾಡುತ್ತಾನೆ. ಅವತ್ತು ಸಂಜೆ ಮನೆಗೆ ಬಂದ.

"ಮಿಸ್, ವೀರಗಲ್ಲು ಅಂದ್ರೆ ಸತ್ತೋರಿಗೆ ನೆಡೋ ಕಲ್ಲು ತಾನೆ?"

"ಹೌದಪ್ಪ, ನಾನೇ ಹೇಳ್ಕೊಟ್ಟಿದ್ನಲ್ಲ."

ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುತ್ತಿದ್ದ ಪ್ರಶ್ನೆ ಅದು. ಇವನಿಗಾದರೂ ನೆನಪಿದೆಯಲ್ಲ ಎಂದು ಹಿಗ್ಗಿ, ಕಾಫಿ ಮಾಡಿಕೊಟ್ಟೆ.

ಶನಿವಾರ ಹೋಗಿ ನೋಡಿದರೆ ಕಲ್ಲಿಲ್ಲ. ಕಟ್ಟೆಯಲ್ಲಿ ಬರೀ ಗುಂಡಿ.

"ಸತ್ತೋರ ಕಲ್ಲು ಅಂತ ಗೊತ್ತಾದ್ಮೇಲೂ ಗುಡಿ ಹತ್ರ ಇಟ್ಕೊಳ್ಳೋಕಾಗುತ್ತಾಮ್ಮ?" ಎಂದರು ಅರ್ಚಕರು. "ಕುಂಭಾಭಿಷೇಕ ಬೇರೆ ಹತ್ರ ಬಂತು. ಮೈಲಿಗೆ ಅಂದ್ರು ಸಮಿತಿಯವ್ರು. ಪುಣ್ಯಾಹ ಮಾಡಿ ಶುದ್ಧ ಮಾಡಿದ್ವಿ."

ಕಲ್ಲೆಲ್ಲಿ? ಒಡೆದ ಗಾರೆ, ಇಟ್ಟಿಗೆಚೂರಿನ ಜೊತೆ ಲಾರಿಯಲ್ಲಿ ಹೋಯಿತಂತೆ. ಎಲ್ಲಿಗೆ? ಗೊತ್ತಿಲ್ಲವಂತೆ. ಎಲ್ಲಿ ಸುರಿದೆನೆಂದು ಲಾರಿಯವನಿಗೂ ನೆನಪಿಲ್ಲವಂತೆ.

ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು ನನ್ನ ಪಾಡು. ಮೈಯೆಲ್ಲ ಉರಿಯಿತು. ಈ ಜನ ಅದೇ ಕಲ್ಲಿಗೆ ಹರಕೆ ಹೊತ್ತು ಮಕ್ಕಳ ಜ್ವರ ಇಳಿಸಿಕೊಂಡವರು, ಕೋರ್ಟಿನಲ್ಲಿ ಕೇಸು ಗೆದ್ದವರು. ಸೀರೆ ಉಟ್ಟು ಸುಮ್ಮನೆ ನಿಂತಿದ್ದಷ್ಟು ದಿನ ಅವನು ದೇವರು, ನಿಜ ತಿಳಿದ ಮಾರನೆಯ ದಿನವೇ ಮೈಲಿಗೆ! ಭಾನುವಾರ ಬಂದ ಪರಿಚಯದವರಿಗೆ ಗುಂಡಿ ತೋರಿಸಿ ಕಳಿಸಿದೆ.

ಕುಂಭಾಭಿಷೇಕದ ದಿನ ಆ ಅಧ್ಯಕ್ಷನನ್ನು ನಾಲ್ಕು ಜನರ ಮುಂದೆ ಬಯ್ಯಬೇಕೆಂದೇ ಹೋದೆ. ಕಲ್ಲಿದ್ದ ಜಾಗದಲ್ಲಿ ಕರಿ ಗ್ರಾನೈಟಿನ ಚಪ್ಪಡಿ ನಿಲ್ಲಿಸಿದ್ದರು. ಅದರ ಮೇಲೆ ಚಿನ್ನದ ಬಣ್ಣದ ಅಕ್ಷರದಲ್ಲಿ ಅವನಪ್ಪನ ಹೆಸರು, ಹೆಸರಿನ ಮುಂದೆ ದಿವಂಗತ. ಅದರ ಕೆಳಗೆ ಇನ್ನಷ್ಟು ದಿವಂಗತರು. ಅರ್ಚಕರು ಅದಕ್ಕೂ ಕುಂಕುಮ ಇಟ್ಟು ಹೂವು ಏರಿಸಿದ್ದರು.

"ಇದು ಯಾರ ಕಲ್ಲೋ?"

"ನಮ್ಮಪ್ಪಂದು ಮಿಸ್. ಜ್ಞಾಪಕಾರ್ಥ ಹಾಕ್ಸಿದೀನಿ."

"ನಿಮ್ಮಪ್ಪ ಸತ್ತಿಲ್ವೇನೋ? ಇದು ಮೈಲಿಗೆ ಅಲ್ವಾ?"

ಅವನು ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ದಡ್ಡ ಮಗುವಿಗೆ ತಿಳಿಹೇಳುವವನಂತೆ ತಾಳ್ಮೆಯಿಂದ ಹೇಳಿದ: "ಅದು ಯಾರ್ದೋ ಏನೋ ಮಿಸ್. ಇದ್ರಲ್ಲಿ ಹೆಸರಿದೆ ನೋಡಿ."

"ಅದರಲ್ಲೂ ಇತ್ತು ಕಣೋ ಮುಠ್ಠಾಳ!" ಎಂದು ಕಿರುಚಿದೆ. ಓಲಗದವರು ಒಂದು ಕ್ಷಣ ನಿಲ್ಲಿಸಿದರು, ನನ್ನನ್ನು ನೋಡಿದರು, ಮತ್ತೆ ಊದತೊಡಗಿದರು.