ಸಂಸದರ ಮಸಿಬಟ್ಟೆ

ನನ್ನ ಅಡುಗೆಮನೆಯ ಮೊಳೆಗೆ ಒಂದು ಹಳೆಯ ಮಸಿಬಟ್ಟೆ ತೂಗುತ್ತಿದೆ. ಬಿಸಿ ಪಾತ್ರೆ ಇಳಿಸುವ ಈ ದಪ್ಪ ಹೊಲಿಗೆಯ ಚೌಕದ ಮೇಲೆ ಒಂದು ಕಾಲಕ್ಕೆ ಅಮೆರಿಕದ ಸಂಸದರೊಬ್ಬರ ಹೆಸರಿತ್ತೆಂದರೆ ನೀವು ನಗುತ್ತೀರಿ. ನಗಿ, ಅವರೂ ನಗುಮೊಗದವರೇ.

ಎಪ್ಪತ್ತರ ದಶಕದಲ್ಲಿ ಡೆಟ್ರಾಯಿಟ್ ಪಕ್ಕದ ನಮ್ಮ ಬಡಾವಣೆಗೆ ಅವರು ಮತ ಕೇಳಲು ಬಂದಾಗ ಇನ್ನೂ ಶಾಲೆಯಲ್ಲಿ ಚರಿತ್ರೆ ಕಲಿಸುವ ಮೇಷ್ಟ್ರು. ಪ್ರಚಾರಕ್ಕೆಂದು ತಮ್ಮ ಹೆಸರು ಅಚ್ಚು ಹಾಕಿಸಿದ್ದ ಈ ಮಸಿಬಟ್ಟೆಯನ್ನು ಕೈಗಿಟ್ಟು, ನಿಮ್ಮ ಮತ ನನಗೇ ತಾನೆ ಎಂದು ಕೇಳಿದರು. ನಾವು ಆ ದೇಶದ ಪ್ರಜೆಗಳಲ್ಲ, ನಮಗೆ ಮತವೇ ಇಲ್ಲ. ಆದರೆ ಒಳ್ಳೆಯ ಕೆಲಸಕ್ಕೆ ಹೊರಟವರಿಗೆ ಹೊಸ್ತಿಲಲ್ಲಿ ಇಲ್ಲವೆನ್ನಬಾರದೆಂದು ಕಲಿತು ಬೆಳೆದ ನಾನು, ಖಂಡಿತ, ಗೆದ್ದು ಬನ್ನಿ ಎಂದುಬಿಟ್ಟೆ. ಅವರು ಪಟ್ಟಿಯಲ್ಲಿ ನಮ್ಮ ಮನೆಗೆ ಗುರುತು ಹಾಕಿಕೊಂಡು ಹೋದರು.

"ಇರೋ ವಿಷಯ ಹೇಳೋದಲ್ವಾ? ಪಾಪ, ನಂಬ್ಕೊಂಡ್ ಹೋದ್ರು," ಎಂದು ನನ್ನವರು ಗೊಣಗಿದರು.

ಮೇಷ್ಟ್ರು ಗೆದ್ದರು. ಮರುವರ್ಷ ನನ್ನ ಚೊಚ್ಚಲ ಹೆರಿಗೆಗೆ ಬರಬೇಕಿದ್ದ ಅಮ್ಮನ ವೀಸಾ ಸಿಗದೆ ದಿನ ತುಂಬುತ್ತ ಬಂದಾಗ, ನಾಚಿಕೆ ಬಿಟ್ಟು ಅವರ ಕಚೇರಿಗೇ ಹೋಗಿ ಕಾಗದಪತ್ರ ಕೊಟ್ಟೆ. ಅವರು ವೀಸಾ ಕಚೇರಿಗೆ ಪತ್ರ ಬರೆದರು, ಅಮ್ಮ ಬಂದಳು, ಮಗುವಿಗೆ ಎಣ್ಣೆ ಹಚ್ಚಿ ನೀರೆರೆದಳು, ಅದೇ ಮಸಿಬಟ್ಟೆಯಲ್ಲಿ ಹಿಡಿದು ಬಾಣಂತಿಗೆಂದು ಮೆಣಸಿನ ಸಾರು ಇಳಿಸಿದಳು. ನನಗೋ, ಇಲ್ಲದ ಮತ ಕೊಡುವೆನೆಂದ ಸುಳ್ಳು ಒಳಗೊಳಗೇ ಚುಚ್ಚುತ್ತಿತ್ತು.

ಅವರ ಅಧಿಕಾರ ಎರಡೇ ವರ್ಷದ್ದು ನೋಡಿ. ಅಷ್ಟರಲ್ಲೇ ಕಾರಿನ ಹೊಗೆಗೆ ಕಡಿವಾಣ ಹಾಕುವ ಕಾನೂನಿನ ಪರ ನಿಂತರು. ಊರಿಗೆ ಊರೇ ಕಾರಿನ ಕಾರ್ಖಾನೆಯಿಂದ ಉಣ್ಣುವಾಗ ಅದು ಹೊಟ್ಟೆಯ ಮೇಲೆ ಹೊಡೆದಂತಾಯಿತು. ಕಾರಿನ ಇಂಜಿನಿಯರಾದ ನನ್ನವರೂ ಮುಖ ಸಿಂಡರಿಸಿದರು. ಮುಂದಿನ ಚುನಾವಣೆಯಲ್ಲಿ ಮೇಷ್ಟ್ರು ಕೂದಲೆಳೆಯಲ್ಲಿ ಸೋತರು. ಸುದ್ದಿ ಕೇಳಿ ನನಗೆ ಅಳುವೇ ಬಂತು. ಅವರು ನೆಚ್ಚಿಕೊಂಡಿದ್ದ ಮತಗಳಲ್ಲಿ ನನ್ನದೂ ಒಂದಿತ್ತಲ್ಲ.

ಡಬ್ಬಿಯಲ್ಲಿ ಕೋಡುಬಳೆ ತುಂಬಿಕೊಂಡು ಅವರ ಕಚೇರಿಗೆ ಹೋದೆ. ಮತ್ತೆ ಅದೇ ಶಾಲೆಗೆ ಹೊರಟಿದ್ದ ಅವರು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ತಪ್ಪೊಪ್ಪಿಕೊಂಡೆ. ಅವರು ಕೋಡುಬಳೆ ಕಡಿದು, ಖಾರಕ್ಕೆ ಕಣ್ಣೊರೆಸಿಕೊಂಡು ಹೇಳಿದರು:

"ನೀವು ಇಲ್ಲಿಯ ಪ್ರಜೆಗಳಲ್ಲ ಅಂತ ನೀವು ಕೊಟ್ಟ ಕಾಗದದಲ್ಲೇ ಇತ್ತಲ್ಲಮ್ಮ. ಅದನ್ನ ಓದಿಯೇ ನಾನು ಪತ್ರ ಬರೆದದ್ದು."

ಒಂದೇ ಅವಧಿಗೆ ಬಂದು ಹೋದವರನ್ನು ಅವರು ಕಲಿಸುತ್ತಿದ್ದ ಚರಿತ್ರೆಯೂ ನೆನೆಯುವುದಿಲ್ಲ. ಎಷ್ಟೋ ವರ್ಷಗಳ ಮೇಲೆ ಪ್ರಜೆಯಾಗಿ ಮೊದಲ ಸಲ ಮತ ಹಾಕಿದ ದಿನ, ಇರಲಾರದೆಂದು ಗೊತ್ತಿದ್ದೂ ಮತಪತ್ರದಲ್ಲಿ ಅವರ ಹೆಸರನ್ನು ಹುಡುಕಿದೆ. ಮಸಿಬಟ್ಟೆಯ ಮೇಲಿನ ಅಕ್ಷರಗಳೂ ಒಗೆದು ಒಗೆದು ಅಳಿಸಿಹೋಗಿವೆ. ಸಾರು ಇಳಿಸುವಾಗ ಬೆರಳು ಆ ಹೆಸರಿದ್ದ ಜಾಗವನ್ನೇ ಹಿಡಿಯುತ್ತದೆ. ಕೈ ಒಮ್ಮೆಯೂ ಸುಟ್ಟಿಲ್ಲ.