ಬೇಲಿಯೊಳಗಿನ ಗೌಡತಿ

ಅವರ ಬಲ ಮುಂಗೈ ಮೇಲೆ ಎರಡು ಹಚ್ಚೆಗಳಿದ್ದವು, ಒಂದರ ಮೇಲೊಂದು. ಕೆಳಗಿನದು ಅವರು ಹುಡುಗಿಯಾಗಿದ್ದಾಗ ಹಾಕಿಸಿಕೊಂಡದ್ದು. ಮಾಸಿ, ಸುಕ್ಕುಗಳ ನಡುವೆ ಸೇರಿಹೋಗಿ, ಹಳೆಯ ಗಾಯದ ಕಲೆಯಂತೆ ಕಾಣುತ್ತಿತ್ತು. ಮೇಲಿನದನ್ನು ಮೇಕಪ್ಪಿನ ಹುಡುಗಿ ದಿನವೂ ಬೆಳಿಗ್ಗೆ ಹಸಿರು ಪೆನ್ನಿನಲ್ಲಿ ಬರೆಯುತ್ತಿದ್ದಳು. ನಿಜವಾದ ಹಚ್ಚೆ ಫೋಟೋದಲ್ಲಿ ಬರುವುದಿಲ್ಲ ಎಂದು ಮ್ಯಾನೇಜರ್ ಹೇಳಿದ್ದ. ಮಧ್ಯಾಹ್ನದ ಹೊತ್ತಿಗೆ ಮುದ್ದೆಯ ಹಬೆಗೆ ಹಸಿರು ಕರಗಿ ಮಣಿಕಟ್ಟಿನವರೆಗೆ ಇಳಿದಿರುತ್ತಿತ್ತು.

ಸೋಮನಹಳ್ಳಿಯಿಂದ ಸ್ವಲ್ಪ ದೂರ, ಹೆದ್ದಾರಿಯಿಂದ ಒಳಕ್ಕೆ, ಒಂದು ಕಂಪನಿಯವರು ಹಳ್ಳಿಯೊಂದನ್ನು ಕಟ್ಟಿಸಿದ್ದರು. ಬೆಂಗಳೂರಿನಿಂದ ಮೈಸೂರಿಗೆ ಹೋಗುವವರು ಟಿಕೆಟ್ಟು ತೆಗೆದುಕೊಂಡು ಒಂದು ಹಗಲು ಹಳ್ಳಿಯಲ್ಲಿದ್ದು ಹೋಗುವುದಕ್ಕೆ. ಒಂದು ತೊಟ್ಟಿಮನೆ, ಒಂದು ಬಾವಿ, ಎರಡು ಜೊತೆ ಎತ್ತು, ಅಂಗಳದಷ್ಟಗಲದ ಗದ್ದೆ, ಒಂದು ಶಾಲೆ. ಶಾಲೆಯ ಮೇಷ್ಟ್ರು ನಾನು. ಕೈಯಲ್ಲಿ ಬೆತ್ತ ಹಿಡಿದು ಅತಿಥಿಗಳ ಮಕ್ಕಳಿಗೆ ಮರಳ ಮೇಲೆ ಅಕ್ಷರ ತಿದ್ದಿಸುವುದು ನನ್ನ ಕೆಲಸ. ಅವರು ತೊಟ್ಟಿಮನೆಯ ಗೌಡತಿ. ಜಗಲಿಯ ಮೇಲೆ ಕೂತು, ಬಂದವರನ್ನು ಬೈದು, ಮುದ್ದೆ ಕಟ್ಟಿ ಬಡಿಸುವುದು ಅವರ ಕೆಲಸ. ನಾವೆಲ್ಲ ಅವರನ್ನು ಅಜ್ಜಿ ಎನ್ನುತ್ತಿದ್ದೆವು.

ಕಂಪನಿಯ ನಿಯಮ ಒಂದೇ. ಬೇಲಿ ದಾಟಿ ಒಳಗೆ ಬಂದ ಕೆಲಸದವರು ಯಾರೇ ಇರಲಿ, ಅತಿಥಿಗಳ ಎದುರು ಪಾತ್ರ ಬಿಡುವಂತಿಲ್ಲ. ಮೊಬೈಲು ಇಲ್ಲ, ವಾಚು ಇಲ್ಲ. ಯಾವ ಊರು ಎಂದು ಕೇಳಿದರೆ ‘ಇದೇ ಊರು’. ಸಂಬಳ ಎಷ್ಟು ಎಂದು ಕೇಳಿದರೆ ‘ಸಂಬಳಾನಾ? ಅಂಗಂದ್ರೇನಪ್ಪ?’ ಮ್ಯಾನೇಜರಿಗೂ ಇದೇ ನಿಯಮ. ಹೋಟೆಲ್ ವಿಷಯ ಓದಿಕೊಂಡು ಬಂದ ಮಂಡ್ಯದ ಹುಡುಗ ಅವನು. ಬೇಲಿಯ ಹೊರಗೆ ಅಜ್ಜಿ ಅವನನ್ನು ‘ಸಾ’ ಎನ್ನುತ್ತಿದ್ದರು. ಒಳಗೆ ಬಂದರೆ ಪಂಚೆಯುಟ್ಟ ಅವನು ಗೌಡತಿಯ ಮಗ. ಅವನು ‘ಅವ್ವಾ’ ಎನ್ನಬೇಕು, ಅವರು ‘ಏನ್ಲಾ’ ಎನ್ನಬೇಕು.

ಅವರ ಬೈಗುಳ ಕೇಳಲೆಂದೇ ಜನ ಬರುತ್ತಿದ್ದರು. ನಮ್ಮ ಕಡೆಯ ಒರಟು ಮಾತಿಗೆ ಇಷ್ಟೊಂದು ಗಿರಾಕಿಗಳಿದ್ದಾರೆಂದು ನನಗೆ ಅಲ್ಲಿಯೇ ಗೊತ್ತಾದದ್ದು. ಬೆಂಗಳೂರಿನ ಯುವಕನೊಬ್ಬ ಮುದ್ದೆಯನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡುತ್ತಿದ್ದರೆ, “ಏನ್ಲಾ ಅದು, ಮುದ್ದೆಗೆ ಕಚಗುಳಿ ಇಕ್ತಿದ್ದೀಯಾ? ಮುರೀಲಾ!” ಎನ್ನುವರು. ಅವನು ಮುರಿದು ಅಗಿಯತೊಡಗಿದರೆ, “ಅಗೀಬ್ಯಾಡ ಕಣ್ಲಾ, ನುಂಗು. ಅದೇನ್ ಕಡ್ಲೇಕಾಯಾ?” ಅವನ ಹೆಂಡತಿ ಫೋನು ಎತ್ತಿದರೆ, “ನೀನೇನವ್ವ, ಗಂಡನ್ ಪಟ ತಗೀತಿದ್ದೀಯಾ? ಮನೇಲಿ ನೋಡಿದ್ದು ಸಾಲ್ದಾ?” ಎಲ್ಲರೂ ಉರುಳಿ ಉರುಳಿ ನಗುವರು. ಹೋಗುವಾಗ ಕಾಲಿಗೆ ಬೀಳುವರು.

ಮಳವಳ್ಳಿಯಿಂದ ಕಂಪನಿಯ ವ್ಯಾನಿನಲ್ಲಿ ನಾವಿಬ್ಬರೂ ಒಟ್ಟಿಗೆ ಬರುತ್ತಿದ್ದೆವು. ವ್ಯಾನಿನಲ್ಲಿದ್ದ ಹೆಂಗಸು ಬೇರೆ. ದನಿ ಎತ್ತುತ್ತಿರಲಿಲ್ಲ. ಕಿಟಕಿ ಮುಚ್ಚಬೇಕಾದರೂ ಡ್ರೈವರನ್ನು ಎರಡು ಸಲ ಕೇಳುವರು. ಮುದ್ದೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ಉಟ್ಟಿದಾಗಿಂದ ಅದೇ ಉಂಡು ನಾಲ್ಗೆ ಸತ್ತೋಗದೆ” ಎಂದು ಮದ್ದೂರಿನಲ್ಲಿ ವ್ಯಾನು ನಿಂತಾಗ ಬೇಕರಿಯ ಸಿಹಿ ಬನ್ನು ತರಿಸಿಕೊಂಡು ಟೀಯಲ್ಲಿ ಅದ್ದಿ ತಿನ್ನುವರು. ಅವರ ಊರು ಬೆಳಕವಾಡಿ ಕಡೆಯ ಒಂದು ಹಳ್ಳಿ. ಹೆಸರು ಬರೆಯುವುದಿಲ್ಲ, ಬರೆದರೆ ಆ ಊರೊಂದೇ ಹಾಗೆ ಎಂದಾಗಿಬಿಡುತ್ತದೆ. ಅವರು ದಲಿತ ಕೇರಿಯವರು. ಮನೆಯ ಗೋಡೆಯ ಮೇಲೆ ಬುದ್ಧನ ಪಟ. ಆ ಊರಿನ ದೊಡ್ಡ ಬೀದಿಯ ಗೌಡರ ಮನೆಯೊಂದರ ಗದ್ದೆಯಲ್ಲಿ ಲಂಗದ ವಯಸ್ಸಿನಿಂದ ನಾಟಿ ಹಾಕಿ, ಕಳೆ ಕಿತ್ತು, ಅಲ್ಲೇ ಮುದುಕಿಯಾದವರು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಕಂಪನಿಯವರು ಆಧಾರ್ ಕಾರ್ಡು ನೋಡಿದ್ದರು, ಕೇರಿ ನೋಡಿರಲಿಲ್ಲ.

ಇಷ್ಟು ಚೆನ್ನಾಗಿ ಬೈಯುವುದನ್ನು ಎಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದೆ.

“ಕಲಿಯಾದೇನ್ ಬಂತು ಮೇಷ್ಟ್ರೇ? ನಾಟಿ ಆಕುವಾಗ ಗದ್ದೆ ಬದಿನ್ ಮೇಲ್ ನಿಂತ್ಕಂಡು ನಮ್ಮ ಗೌಡ್ತಮ್ಮ ಬೈಯ್ಯೋಳು. ಕಿವಿ ಮುಚ್ಕಳಾಕೆ ಕೈ ಬುಡುವಿರ್ನಿಲ್ಲ. ಎಲ್ಲಾ ಒಳಗೇ ಸೇರ್ಕಂಡವೆ.”

“ಇಲ್ಲಿ ಈ ಕೆಲಸ ಇಷ್ಟವಾ?”

“ನಾನ್ ಕೂತಿರ್ತೀನಿ, ಅವ್ರು ನಿಂತಿರ್ತಾರೆ. ನಾನಿಕ್ಕಿದ್ದ ಉಣ್ತಾರೆ. ಇನ್ನೇನ್ ಬೇಕು? ಸಾಯೋಗಂಟ ಆ ಜಗಲಿ ಮೇಲ್ ಕೂತಿರ್ತೀನಿ ನೋಡಿ.”

ಇದನ್ನು ಹೇಳುವಾಗ ಅವರು ನಕ್ಕಿದ್ದರೋ ಇಲ್ಲವೋ ನೆನಪಿಲ್ಲ. ನೆನಪಿಸಿಕೊಂಡಾಗಲೆಲ್ಲ ಅವರನ್ನು ನಗಿಸುತ್ತೇನೆ. ಅದು ನನ್ನ ಕೆಲಸ, ಅವರದಲ್ಲ.

ಒಂದು ಭಾನುವಾರ ದೊಡ್ಡ ಕುಟುಂಬವೊಂದು ಮೂರು ಕಾರಿನಲ್ಲಿ ಬಂತು. ಮೈಸೂರಿನಲ್ಲಿರುವ ಮಕ್ಕಳು ಮೊಮ್ಮಕ್ಕಳು ಸೇರಿ ಮನೆಯ ಯಜಮಾನಿಯನ್ನು ಹೊರಗೆ ಸುತ್ತಾಡಿಸಲು ಕರೆತಂದಿದ್ದರು. ಹಳ್ಳಿಯಲ್ಲೇ ಹುಟ್ಟಿ, ಹಳ್ಳಿಯಲ್ಲೇ ಇರುವ ಮುದುಕಿಗೆ ಹಳ್ಳಿ ತೋರಿಸುವುದು ಯಾರಿಗೆ ಹೊಳೆಯಿತೋ. ಎಲೆ ಹಾಕಿಯಾಗಿತ್ತು. ಅಜ್ಜಿ ಜಗಲಿಯ ಮೇಲಿಂದಲೇ ಮುದ್ದೆ ಕಟ್ಟುತ್ತ, ಪಕ್ಕದ ಹುಡುಗಿಯ ಕೈಯಲ್ಲಿ ಎಲೆಗೆ ಇಡಿಸುತ್ತ, ತಲೆಯೆತ್ತದೆ ಬೈಯುತ್ತಿದ್ದರು. “ನೆಟ್ಟಗೆ ಕೂತ್ಕಳ್ರೋ. ಗೂಬೆಗಳಂಗೆ ಮಿಕಮಿಕ ನೋಡ್ಬ್ಯಾಡಿ.” ನಾನು ಶಾಲೆಯ ಬಾಗಿಲಲ್ಲಿ ನಿಂತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಆ ಯಜಮಾನಿಯೇ.

“ಲೇ, ನಮ್ಮತ್ತೆ ಇಂಗೇ ಬೈಯ್ಯೋಳು ಕಣ್ರೋ! ನಾನೂ ಇಂಗೇ ಬೈತಿದ್ದೆ. ಅದೇ ಮಾತು, ಅದೇ ರಾಗ!” ಎಂದು ಕಣ್ಣೊರೆಸಿಕೊಂಡು, ಬೈಯುವವಳ ಮುಖ ನೋಡಲು ಎದ್ದು ಜಗಲಿಯ ಹತ್ತಿರಕ್ಕೆ ಬಂದರು.

ಅಜ್ಜಿ ತಲೆಯೆತ್ತಿದರು.

ಮುಂದಿನದು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆಯಿತು. ಅಜ್ಜಿ ಜಗಲಿಯಿಂದ ಇಳಿದರು. ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು, ಚಪ್ಪಲಿ ಇಲ್ಲದ ಕಾಲನ್ನು ಇನ್ನಷ್ಟು ಹಿಂದಕ್ಕೆ ಸರಿಸಿ, ಗೋಡೆಗೆ ಒತ್ತಿ ನಿಂತರು. ಯಾರೂ ಇಳಿಯೆಂದಿರಲಿಲ್ಲ. ದೊಡ್ಡ ಮೂಗುಬೊಟ್ಟು, ಪೌಡರು, ಕಾಸಗಲ ಕುಂಕುಮದ ಹಿಂದೆ ಅವರು ಯಾರೆಂದು ಆ ಯಜಮಾನಿಗೆ ಗೊತ್ತಾಗುತ್ತಲೇ ಇರಲಿಲ್ಲ. ಗೊತ್ತಾದದ್ದು ಆ ಇಳಿದ ರೀತಿಯಿಂದ. ಗೌಡತಿಯಾದವಳು ಯಾರನ್ನು ಕಂಡೂ ಹಾಗೆ ಇಳಿಯುವುದಿಲ್ಲ.

“ನೀನು... ನಮ್ಮ ಕೆಳಗಲ ಕೇರಿಯೋಳಲ್ವಾ?”

ನಿಯಮದ ಪ್ರಕಾರ ‘ನಾನು ಈ ಮನೆ ಗೌಡ್ತಿ’ ಎನ್ನಬೇಕಿತ್ತು.

“ಊ ಕಣ್ರವ್ವ,” ಎಂದರು ಅಜ್ಜಿ.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಬರೆಯುವುದು ಸುಲಭವಾಗುತ್ತಿತ್ತು. ಯಜಮಾನಿ ಮೆತ್ತಗೆ, “ನಂಗ್ಯಾಕೋ ಅಸಿವಿಲ್ಲ, ನೀವು ಉಣ್ರಪ್ಪ,” ಎಂದು ಬಾವಿಯ ಕಡೆ ಹೋದರು. ಸೊಸೆ, “ಮಗೂಗೆ ಬೆಳಿಗ್ಗೆಯಿಂದ ಹೊಟ್ಟೆ ಸರಿಯಿಲ್ಲ,” ಎಂದು ಎದ್ದಳು. ಯಜಮಾನಿಯ ಮಗನಿಗೆ ಫೋನು ಬಂತು, ಅಥವಾ ಬಂದಂತೆ ಕಿವಿಗಿಟ್ಟುಕೊಂಡ. ಕಾಲೇಜು ಓದುವ ಮೊಮ್ಮಗನೊಬ್ಬ ಮಾತ್ರ ಕೂತೇ ಇದ್ದು ಒಂದು ತುತ್ತು ಮುರಿದ. ಹೊರಗಿನಿಂದ ಅಪ್ಪ, “ಕಾರಿನ ಕೀ ನಿನ್ ತಾವ ಅದಾ? ಬಾ ಇಲ್ಲಿ,” ಎಂದು ಕರೆದ. ಅವನೂ ಎದ್ದ. ಮುದ್ದೆಗಳು ಎಲೆಗಳ ಮೇಲೆ ಹಬೆಯಾಡುತ್ತ ಉಳಿದವು. ಅಜ್ಜಿಯೇ ಎಲೆ ಎತ್ತಿದರು.

ಮಾರನೆಯ ಬೆಳಿಗ್ಗೆ ಬೇಲಿಯ ಹೊರಗೆ, ವ್ಯಾನಿನ ಪಕ್ಕದಲ್ಲಿ ಮ್ಯಾನೇಜರ್ ಕಾಯುತ್ತಿದ್ದ.

“ಅಜ್ಜಿ, ನೀವು ನಿನ್ನೆ ಪಾತ್ರ ಬಿಟ್ರಿ. ಗೆಸ್ಟುಗಳು ಬೇಜಾರು ಮಾಡ್ಕೊಂಡು ಕಂಪನಿಗೆ ಹೇಳಿದ್ದಾರೆ.”

“ಯಾತುಕ್ ಬೇಜಾರಂತೆ ಸಾ?”

“ಪಾತ್ರ ಬಿಟ್ಟಿದ್ದಕ್ಕೆ.”

“ಉಣ್ಣದೆ ಎದ್ದೋದ್ರಲ್ಲ, ಅದೂ ಅದುಕ್ಕೇಯಾ?”

ಅವನು ಫೋನು ನೋಡಿಕೊಂಡ. ಕೆಟ್ಟ ಹುಡುಗನಲ್ಲ. ದಿನವೂ ಮಧ್ಯಾಹ್ನ ಅಜ್ಜಿಯ ಕೈ ಮುದ್ದೆಯನ್ನೇ ಉಣ್ಣುತ್ತಿದ್ದ. “ಇವತ್ತಿಂದ ಗದ್ದೆ ಹತ್ರ ನಾಟಿ ಹಾಕೋ ಹೆಂಗಸರ ಜೊತೆ ಇರಿ. ನಿಮಗೆ ಅದು ನ್ಯಾಚುರಲ್ಲಾಗಿ ಬರ್ತದೆ, ಆ್ಯಕ್ಟಿಂಗೇ ಬೇಡ.”

“ಅದು ಯೇಸ ಕಟ್ಟಾದಲ್ಲ ಕಣ್ ಸಾ. ಅದು ನಾನೇಯಾ. ನನ್ನ ನಾನು ಟಿಕೀಟ್ ತಕಂಡ್ ಬಂದೋರ್ಗೆ ತೋರ್ಸಕಿಲ್ಲ.”

ಇಷ್ಟು ಅಚ್ಚುಕಟ್ಟಾಗಿ ಅವರು ಹೇಳಿದರೇ? ನನಗೆ ಅನುಮಾನ. ಬರೆಯುವವನ ಕೈಗೆ ಸಿಕ್ಕಿದ ಮಾತು ತನ್ನಷ್ಟಕ್ಕೆ ತಾನೇ ತಲೆ ಬಾಚಿಕೊಳ್ಳುತ್ತದೆ. “ನಾನ್ ಓಗಕಿಲ್ಲ” ಎಂದಷ್ಟೇ ಹೇಳಿ ಒಳಗೆ ಹೋದರೆಂದೂ ಒಂದು ನೆನಪಿದೆ. ಎರಡನ್ನೂ ಇಟ್ಟಿದ್ದೇನೆ.

ಒಳಗೆ ಹೋದವರು ಮೇಕಪ್ಪಿಗೆ ನಿಲ್ಲಲಿಲ್ಲ. ಮನೆಯಿಂದ ಉಟ್ಟು ಬಂದ ಹೂವಿನ ನೈಲಾನ್ ಸೀರೆಯಲ್ಲೇ ಹೋಗಿ ಜಗಲಿಯ ಮೇಲೆ ಕೂತರು. ಅಷ್ಟರಲ್ಲಿ ಮೊದಲ ಬಸ್ಸಿನ ಅತಿಥಿಗಳು ಒಳಗೆ ಬಂದುಬಿಟ್ಟರು. ಮ್ಯಾನೇಜರ್ ಪಂಚೆ ಸುತ್ತಿಕೊಳ್ಳುತ್ತ ಓಡಿಬಂದ. ಈಗ ಅವನು ಬೇಲಿಯ ಒಳಗಿದ್ದ, ಮಗನಾಗಿದ್ದ.

“ಅವ್ವಾ, ಒಳಕ್ ಬಾ, ವಸಿ ಕೆಲ್ಸ ಅದೆ.”

“ಒಳಗೇನ್ಲಾ ಮುಚ್ಚಿಟ್ಟಿದ್ದೀಯಾ? ಇಲ್ಲೇ ಯೋಳು. ನಾಕ್ ಜನ ಕೇಳ್ಲಿ.”

ಅತಿಥಿಗಳು ನಕ್ಕರು. ಫೋನುಗಳು ಮೇಲೆದ್ದವು.

“ಗದ್ದೆತಾವ ಓಗ್ಬೇಕಂತೆ ಕಣವ್ವ ನೀನು.”

“ನಾನ್ ಓಗಿದ್ದು ಸಾಕು, ನೀನ್ ಓಗ್ಲಾ. ಬೆನ್ ಬಗ್ಸಿ ಒಂದ್ ಮಡಿ ನಾಟಿ ಆಕು ಓಗು. ಆಮೇಲ್ ಬಂದು ನನ್ನ ಎದ್ದೇಳು ಅನ್ನು.”

“ಅವ್ವಾ...”

“ಏನ್ಲಾ ಅವ್ವ? ದಿನಾ ನನ್ ಕೈಲಿ ಉಂಡೋನು ನೀನು. ನಿಂಗ್ ಯಾವತ್ತಾದ್ರೂ ಒಟ್ಟೆ ಕೆಟ್ಟಿತ್ತಾ? ಯಾರ್ಗೋ ಅಸಿವಿಲ್ಲ ಅಂತ ನನ್ನ ಇಳುಸ್ತೀಯಾ? ಯೋಳ್ಲಾ, ಬಾಯಿಲ್ವಾ ನಿಂಗೆ?”

ಚಪ್ಪಾಳೆ ಬಿತ್ತು. ಯಾರೋ ಶಿಳ್ಳೆ ಹಾಕಿದರು. ಇಂಥ ನಾಟಕ ಎಲ್ಲೂ ನೋಡಿಲ್ಲವೆಂದು ಒಬ್ಬಾಕೆ ತನ್ನ ಗಂಡನಿಗೆ ಹೇಳುತ್ತಿದ್ದಳು. ಅತಿಥಿಗಳು ಬರುತ್ತಲೇ ಇದ್ದುದರಿಂದ ಅವನಿಗೆ ಪಾತ್ರ ಬಿಡಲಾಗಲಿಲ್ಲ, ಅವರನ್ನು ಎಬ್ಬಿಸಲೂ ಆಗಲಿಲ್ಲ. ಆ ದಿನವಿಡೀ ಅಜ್ಜಿ ಅಲ್ಲೇ ಕೂತು ಬೈದರು, ಬಡಿಸಿದರು. ಎಲ್ಲರೂ ಉಂಡರು.

ಸಂಜೆ ಗೇಟು ಹಾಕಿದ ಮೇಲೆ ತಾವಾಗಿಯೇ ಇಳಿದರು. ಕಾವಲಿನವನು ಗುರುತಿನ ಚೀಟಿ ಇಸಿದುಕೊಂಡ. ವ್ಯಾನು ಹತ್ತಬಾರದೆಂದ. ಮದ್ದೂರಿನವರೆಗೆ ಆಟೋದಲ್ಲಿ ಜೊತೆಗೆ ಹೋದೆ. ಬಸ್ಸು ಕಾಯುವಾಗ ಬನ್ನು ಮುರಿದು ಅರ್ಧ ನನ್ನ ಮುಂದೆ ಹಿಡಿದರು. ನಾನೂ ನಮ್ಮೂರಿನ ದೊಡ್ಡ ಬೀದಿಯವನೆಂದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

“ತಕಳಿ ಮೇಷ್ಟ್ರೇ. ಇಲ್ಲಾ, ನಿಮ್ಗೂ ಒಟ್ಟೆ ಸರಿಯಿಲ್ವೋ?”

ಈ ಸಲ ನಕ್ಕರು. ಇದು ಖಂಡಿತ.

ಯಾರೋ ತೆಗೆದ ವಿಡಿಯೋ ಊರೆಲ್ಲ ಹರಡಿತು. ಮಗನಿಗೆ ಬೈಯುವ ಮಂಡ್ಯದ ಅಜ್ಜಿಯನ್ನು ನೋಡಲೆಂದೇ ಜನ ಬರತೊಡಗಿದರು. ಕಂಪನಿಯವರು ಮೈಸೂರಿನಿಂದ ನಾಟಕದ ನಟಿಯೊಬ್ಬರನ್ನು ಕರೆಸಿದರು. ಆಕೆ ವಿಡಿಯೋ ನೋಡಿ ನೋಡಿ ಒಂದೊಂದು ಮಾತನ್ನೂ ಕಂಠಪಾಠ ಮಾಡಿಕೊಂಡರು. ಈಗ ದಿನಕ್ಕೆ ಎರಡು ಸಲ ಆ ಜಗಲಿಯ ಮೇಲಿಂದ ‘ಬೆನ್ ಬಗ್ಸಿ ಒಂದ್ ಮಡಿ ನಾಟಿ ಆಕು’ ಎಂಬ ಮಾತು ಕೇಳುತ್ತದೆ. ಮ್ಯಾನೇಜರ್ ಎರಡೂ ಕಿವಿ ಹಿಡಿದುಕೊಂಡು ಬಸ್ಕಿ ಹೊಡೆಯುತ್ತಾನೆ. ಅದನ್ನು ಅವನೇ ಸೇರಿಸಿದ. ಆಗ ನಗು ಇನ್ನೂ ಜೋರು.

ಅಜ್ಜಿ ಕಾಯಿಲೆ ಬಿದ್ದಿದ್ದಾರೆಂದು ತಿಳಿದು ಅವರ ಊರಿಗೆ ಹೋದೆ. ಉಸಿರು ಕಟ್ಟುತ್ತಿತ್ತು, ದಿಂಬಿಗೆ ಒರಗಿದ್ದರು. ಹೊಸ ಗೌಡತಿಯ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.

“ಚೆನ್ನಾಗ್ ಬೈಯ್ತಾಳಾ?”

“ನಿಮ್ಮ ಮಾತೇ. ಒಂದೂ ಬಿಡುವುದಿಲ್ಲ.”

“ಅವ್ನು?”

“ನಗ್ತಾನೆ.”

ಅವರು ದಿಂಬು ಸರಿಸಿಕೊಂಡು ಸ್ವಲ್ಪ ಮೇಲಕ್ಕೆ ಒರಗಿದರು.

“ಅಂಗಾರೆ ಅದು ಬೈಗಳ ಅಲ್ಲ ಬುಡಿ,” ಎಂದರು. “ಅವತ್ತು ನಕ್ಕಿದ್ನಾ ಮೇಷ್ಟ್ರೇ? ನಂಗ್ ವಸಿ ದೂರದ್ದು ಮಂಜು. ಕಾಣ್ನಿಲ್ಲ.”

ನಾನು ಹೇಳಿದೆ. ಕೇಳಿ ತಲೆಯಾಡಿಸಿದರು. ಮುಂದಿನ ವಾರ ತೀರಿಕೊಂಡರು. ಮಣ್ಣಿಗೆ ಕಂಪನಿಯಿಂದ ಯಾರೂ ಬರಲಿಲ್ಲ. ದೊಡ್ಡ ಬೀದಿಯಿಂದ ಯಾರಾದರೂ ಬಂದಿದ್ದರೋ ಇಲ್ಲವೋ, ನಾನು ಹುಡುಕಿ ನೋಡಲಿಲ್ಲ.

ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ವಿಡಿಯೋದಲ್ಲಿ ಅಜ್ಜಿಯ ಮುಖವೊಂದೇ ಇದೆ. ಸುತ್ತ ಜನರ ನಗು ಕೇಳಿಸುತ್ತದೆ. ಮ್ಯಾನೇಜರನ ಮುಖ ಅದರಲ್ಲಿಲ್ಲ. ಶಾಲೆಯ ಬಾಗಿಲಿನಿಂದ ನನಗೆ ಕಾಣುತ್ತಿತ್ತು. ಮೇಲೆ ಬರೆದದ್ದರಲ್ಲಿ ಎಷ್ಟೋ ಮಾತುಗಳು ಹಿಂದುಮುಂದಾಗಿರಬಹುದು, ಕೆಲವು ನನ್ನವೇ ಇರಬಹುದು. ಆದರೆ ‘ನಿಂಗ್ ಯಾವತ್ತಾದ್ರೂ ಒಟ್ಟೆ ಕೆಟ್ಟಿತ್ತಾ’ ಎಂದು ಅವರು ಕೇಳಿದಾಗ, ಅಷ್ಟು ಜನ ಚಪ್ಪಾಳೆ ತಟ್ಟುತ್ತಿದ್ದಾಗ, ಅವನು ನೆಲ ನೋಡುತ್ತಿದ್ದ. ನಗಲಿಲ್ಲ.