ಬಿಗಿದು ಕಟ್ಟಿದ ಸೈಲೆನ್ಸರ್

ಆ ಕಾರನ್ನು ಕೆ.ಆರ್. ಪೇಟೆಯ ಒಬ್ಬ ಶೋಕಿಲಾಲನಿಂದ ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡಿದ್ದೆ. ಪುಣ್ಯಾತ್ಮ ಕಂಪನಿಯ ಸೈಲೆನ್ಸರ್ ಕಿತ್ತೆಸೆದು, ಊರಿಗೆಲ್ಲ ಕೇಳಲಿ ಅಂತ ದಪ್ಪನೆಯದೊಂದನ್ನು ಹಾಕಿಸಿದ್ದ. ಅದರ ಭಾರಕ್ಕೆ ಅದನ್ನು ನೇತುಹಾಕಿದ್ದ ರಬ್ಬರುಗಳು ಜಗ್ಗಿಹೋಗಿದ್ದವು. ರಸ್ತೆಯಲ್ಲಿ ಗುಂಡಿ ಸಿಕ್ಕಾಗಲೆಲ್ಲ ಸೈಲೆನ್ಸರ್ ಓಲಾಡಿ, ಹಿಂದಿನ ಸೀಟಿನ ಅಡಿಗೆ ದಡ್ ದಡ್ ಎಂದು ಬಡಿಯುತ್ತಿತ್ತು.

ಆ ಸೀಟಿನಲ್ಲಿ ಕೂರುತ್ತಿದ್ದವಳು ನನ್ನ ಅಕ್ಕ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಬಿಂಡಿಗನವಿಲೆಯಿಂದ ನಾಗಮಂಗಲಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದೆ.

"ಅದೇನ್ಲಾ ಅದು, ಒಂದೊಂದ್ ಏಟೂ ಸೊಂಟಕ್ಕೇ ಬೀಳ್ತದೆ. ನಿಲ್ಸ್ಲಾ ಅದ," ಅಂದಳು ಒಂದು ದಿನ.

ಗ್ಯಾರೇಜಿಗೆ ಹೋಗಬೇಕಿತ್ತು, ಹೋಗಲಿಲ್ಲ. ನಮ್ಮ ಕಡೆಯ ಗಂಡಸರಿಗೆ ಒಂದು ಅಹಂಕಾರ. ಬೈಂಡಿಂಗ್ ವೈರು, ಇಕ್ಕಳ ಕೈಯಲ್ಲಿದ್ದರೆ ಕುರಿದೊಡ್ಡಿಯ ಬಾಗಿಲಿಂದ ಟ್ರಾಕ್ಟರಿನವರೆಗೆ ಏನು ಬೇಕಾದರೂ ಕಟ್ಟಿ ನಿಲ್ಲಿಸುತ್ತೇವೆ. ನಾನೂ ಕಾರಿನ ಕೆಳಗೆ ತೂರಿ, ಹಳೇ ರಬ್ಬರು ಕತ್ತರಿಸಿ, ನಾಲ್ಕೆಳೆ ವೈರು ಹೊಸೆದು ಸೈಲೆನ್ಸರನ್ನು ಗಾಡಿಯ ತಳಕ್ಕೆ ಬಿಗಿದೆ. ಒದ್ದು ನೋಡಿದೆ, ಮಿಸುಕಲಿಲ್ಲ. ಎದೆಯುಬ್ಬಿಸಿಕೊಂಡು ಎದ್ದೆ.

ಬಡಿತ ನಿಂತಿತು. ಕೆಲವು ವಾರಗಳಲ್ಲಿ ಅಕ್ಕ ಕಾರಿನಲ್ಲಿ ನಿದ್ದೆ ಮಾಡತೊಡಗಿದಳು. ದಾರಿಯುದ್ದಕ್ಕೂ ಇವರ ರಾಗಿ ಚೆನ್ನಾಗಿದೆ, ಅವರ ಹುರುಳಿ ಕೆಟ್ಟಿದೆ ಅಂತ ವರದಿ ಒಪ್ಪಿಸುತ್ತಿದ್ದವಳು, ಚಳಿಗೆ ಗಾಜು ಏರಿಸಿ, ಕಂಬಳಿ ಹೊದ್ದು, ಊರು ದಾಟುವಷ್ಟರಲ್ಲಿ ತೂಕಡಿಸುತ್ತಿದ್ದಳು. ಮನೆ ಮುಂದೆ ಭುಜ ಅಲ್ಲಾಡಿಸಿ ಎಬ್ಬಿಸಬೇಕಿತ್ತು. ತಲೆನೋವು, ವಾಂತಿ ಅನ್ನುತ್ತಿದ್ದಳು. ಕಾಯಿಲೆ ಜೋರಾಯಿತು ಅಂದುಕೊಂಡೆವು. ನನಗೇನೂ ಆಗುತ್ತಿರಲಿಲ್ಲ. ಎಲೆಅಡಿಕೆ ಉಗಿಯಲು ನನ್ನ ಪಕ್ಕದ ಗಾಜು ಸದಾ ತೆರೆದೇ ಇರುತ್ತಿತ್ತು.

ಮೂರನೇ ತಿಂಗಳಲ್ಲಿ ಅಕ್ಕ ಹೋಗಿಬಿಟ್ಟಳು.

ತಿಥಿಯ ಸಾಮಾನು ತರಲು ನಾಗಮಂಗಲಕ್ಕೆ ಹೋದಾಗ ಕಾರು ವಿಪರೀತ ಅರಚಿತು. ಮೆಕ್ಯಾನಿಕ್ ಜಾಕಿ ಕೊಟ್ಟು ಎತ್ತಿ, ಕೆಳಗೆ ಬಗ್ಗಿ ನೋಡಿದ.

"ಯಾರಣ್ಣ ಇಂಗ್ ಬಿಗ್ದೋರು? ಇಂಜಿನ್ ಅಳ್ಳಾಡ್ತದೆ, ಅದ್ರ ಜೊತೆ ಪೈಪೂ ಒಸಿ ಅಳ್ಳಾಡ್ಬೇಕು. ರಬ್ರು ಇರೋದೇ ಅದುಕ್ಕೆ. ಬಿಗಿಯಾಗಿ ಕಟ್ಬುಟ್ರೆ ಎಲ್ಲಾದ್ರೂ ಸೀಳ್ಕತದೆ."

ಪೈಪು ಹಿಂದಿನ ಸೀಟಿನ ಕೆಳಗೇ ಸೀಳಿತ್ತು. ಅದರ ಮೇಲೆ, ಹಿಂದಿನ ಬಡಿತಕ್ಕೆ ತೂತು ಬಿದ್ದಿದ್ದ ಕಾರಿನ ತಳದ ತಗಡಿಗೆ ಕಪ್ಪನೆಯ ಮಸಿ ಮೆತ್ತಿತ್ತು.

"ಒಗೆಯೆಲ್ಲ ಕಾರೊಳೀಕೇ ಓಗ್ಯದೆ. ಇಂದ್ಗಡೆ ಯಾರೂ ಕೂರ್ತಿರ್ನಿಲ್ವಲ್ಲ?"

"ಇಲ್ಲ," ಅಂದೆ.

ಅವನು ಪೈಪು ಬೆಸೆದು ಹೊಸ ರಬ್ಬರು ಹಾಕಿದ. ಅರ್ಧ ಗಂಟೆಯ ಕೆಲಸ. ಅಕ್ಕನ ರಕ್ತವೇ ತೆಳುವಾಗಿತ್ತು, ಹೃದಯವೂ ಸೋತಿತ್ತು. ಹೊಗೆಯೇ ಕೊಂದಿತು ಎನ್ನಲಾರೆ. ಕೊಲ್ಲಲಿಲ್ಲ ಎನ್ನಲು ನನಗೆ ಧೈರ್ಯವಿಲ್ಲ.

ತಿಥಿಯ ದಿನ ಪಂಕ್ತಿಯಲ್ಲಿ ಕೂತಿದ್ದ ಭಾವ ನನ್ನನ್ನು ತೋರಿಸಿ ನೆಂಟರಿಗೆ ಹೇಳುತ್ತಿದ್ದರು. "ನನ್ ಬಾಮೈದ ಅವಳಿಗೋಸ್ಕರ ಕಾರಡಿ ಮಲಗಿ ರಿಪೇರಿ ಮಾಡ್ದ. ಕಡೆಗಾಲದಲ್ಲಿ ಅವಳು ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಅಂದ್ರೆ ಆ ಕಾರಲ್ಲೇ ಕಣ್ರಪ್ಪ."

ನೆಂಟರು ನನ್ನ ಕಡೆ ನೋಡಿ ತಲೆದೂಗಿದರು. ನಾನು ತಲೆ ತಗ್ಗಿಸಿ ಭಾವನ ಎಲೆಗೆ ಅನ್ನ ಬಡಿಸಿದೆ.